ದಿನಚರಿಯ ಬರಹವೂ ಮನಸ್ಸಿನ ಸ್ವಾಸ್ಥ್ಯವೂ

ಹೊಸ ವರ್ಷವು ಬಂದಿತೆಂದರೆ ಪಟ್ಟಣದ ಅನೇಕ ಮನೆಗಳಿಗೆ ಎರಡು ಮೂರು ದಿನಚರಿಯ ಪುಸ್ತಕಗಳು ಬಂದು ಸೇರುವುವು. ಬ್ಯಾಂಕಿನವರು ಕೊಟ್ಟದ್ದೊಂದು, ಔಷಧದ ಅಂಗಡಿಯವರು ಕೊಟ್ಟದ್ದೊಂದು, ಅಳಿಯನು ತನ್ನ ಕಚೇರಿಯಿಂದ ತಂದದ್ದೊಂದು. ಮನೆಯ ಯಜಮಾನನು ಜನವರಿ ಒಂದನೆಯ ತಾರೀಖಿನಂದು ಬೆಳಿಗ್ಗೆಯೇ ಸ್ನಾನಮಾಡಿ, ಒಳ್ಳೆಯದೊಂದು ಲೇಖನಿಯನ್ನು ಹುಡುಕಿ ತೆಗೆದು, ಮೊದಲನೆಯ ಪುಟದ ನೆತ್ತಿಯಲ್ಲಿ ಶ್ರೀಕಾರವನ್ನು ಹಾಕಿ, ಅಂದಿನ ವೃತ್ತಾಂತವನ್ನು ಪುಟ ತುಂಬ ಬರೆಯುವನು. ಮರುದಿನ ಅರ್ಧ ಪುಟ. ಸಂಕ್ರಾಂತಿಯ ಹೊತ್ತಿಗೆ ಎರಡು ಸಾಲು. ರಥಸಪ್ತಮಿಯ ವೇಳೆಗೆ ಪುಸ್ತಕವು ಅಡುಗೆಯ ಮನೆಯ ಗೂಡಿಗೆ ಹೋಗಿ, ಹಾಲಿನ ಲೆಕ್ಕವೂ ಇಸ್ತ್ರಿಗೆ ಕೊಟ್ಟ ಬಟ್ಟೆಗಳ ಲೆಕ್ಕವೂ ಅದರಲ್ಲಿ ಬೆಳೆಯತೊಡಗುವುವು. ಇದರಲ್ಲಿ ನಗತಕ್ಕದ್ದೇನೂ ಇಲ್ಲ. ಹಾಲಿನ ಲೆಕ್ಕವು ಸತ್ಯವಾದ ಬರಹ. ಮೊದಲನೆಯ ಪುಟದ ವೃತ್ತಾಂತವು ಅಷ್ಟು ಸತ್ಯವಾಗಿತ್ತೆಂದು ಹೇಳುವುದು ಕಷ್ಟ.

ಈಚಿನ ದಿನಗಳಲ್ಲಿ ವೈದ್ಯರೂ ಮನಶ್ಶಾಸ್ತ್ರಜ್ಞರೂ ದಿನಚರಿ ಬರೆಯುವುದನ್ನು ಒಂದು ಔಷಧವೆಂಬಂತೆ ಹೇಳತೊಡಗಿದ್ದಾರೆ. ನಿದ್ರೆ ಬಾರದವನಿಗೂ, ಮನೆಯಲ್ಲಿ ಸಾವನ್ನು ಕಂಡವನಿಗೂ, ಕೆಲಸದ ಭಾರದಿಂದ ಕುಗ್ಗಿದವನಿಗೂ, ದಿನವೂ ಸ್ವಲ್ಪ ಹೊತ್ತು ಕುಳಿತು ಬರೆಯಬೇಕೆಂಬ ಸಲಹೆ ದೊರೆಯುತ್ತಿದೆ. ಈ ಸಲಹೆಯು ಎಷ್ಟರಮಟ್ಟಿಗೆ ಸರಿ, ಬರೆಯುವುದರಿಂದ ಆಗುವ ಉಪಕಾರವು ಎಂತಹದು, ಅದು ಯಾವ ನಿಬಂಧನೆಗೆ ಒಳಪಟ್ಟಿದೆ ಎಂಬುದು ವಿಚಾರಯೋಗ್ಯವಾದ ವಿಷಯ. ಇದು ವೈದ್ಯಕ್ಕೆ ಮಾತ್ರ ಸೇರಿದ ಪ್ರಶ್ನೆಯೂ ಅಲ್ಲ. ಸ್ವಲ್ಪ ಮುಂದೆ ಹೋದರೆ ಧರ್ಮದ ಪ್ರಶ್ನೆಯಾಗಿ ಮನೆಯ ಹೊಸ್ತಿಲಿನಲ್ಲಿಯೇ ನಿಲ್ಲುತ್ತದೆ.

ದಿನಚರಿಯೆಂಬ ಮಾತಿಗೂ ವೈದ್ಯಶಾಸ್ತ್ರಕ್ಕೂ ಹಳೆಯ ನಂಟುಂಟು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಸೂತ್ರಸ್ಥಾನದ ಎರಡನೆಯ ಅಧ್ಯಾಯಕ್ಕೆ ದಿನಚರ್ಯೆಯೆಂದೇ ಹೆಸರು. ಬ್ರಾಹ್ಮೀಮುಹೂರ್ತದಲ್ಲಿ ಏಳುವುದು, ಹಲ್ಲುಕಡ್ಡಿಯು ಯಾವ ಮರದ್ದಾಗಿರಬೇಕೆಂಬುದು, ಕಣ್ಣಿಗೆ ಅಂಜನ, ಮೈಗೆ ಎಣ್ಣೆ, ವ್ಯಾಯಾಮ, ಸ್ನಾನ, ಇವುಗಳನ್ನೆಲ್ಲ ಹೇಳಿ, ಅನಂತರ ಜನರೊಡನೆ ನಡೆದುಕೊಳ್ಳತಕ್ಕ ರೀತಿಯನ್ನು ಹೇಳಿ, ಅಧ್ಯಾಯವು ಮುಗಿಯುತ್ತ ಬಂದಾಗ ಆ ವೈದ್ಯನು ಬೇರೊಂದು ಮಾತನ್ನು ಎತ್ತುತ್ತಾನೆ. ತನ್ನ ಹಗಲಿರುಳುಗಳು ಹೇಗೆ ಸಾಗುತ್ತಿವೆ, ತಾನು ಈಗ ಎಂತಹವನಾಗಿದ್ದಾನೆ ಎಂಬ ಎಚ್ಚರವನ್ನು ಯಾವನು ಬಿಡದೆ ಇಟ್ಟುಕೊಂಡಿರುವನೋ ಅವನನ್ನು ದುಃಖವು ಮುಟ್ಟದೆಂಬುದು ಅದರ ತಾತ್ಪರ್ಯ. ಇದನ್ನು ಹೇಳಿದವನು ಸಂನ್ಯಾಸಿಯಲ್ಲ, ವೈದ್ಯ. ಹೇಳಿರುವುದು ಮೋಕ್ಷದ ಪ್ರಕರಣದಲ್ಲಲ್ಲ, ಹಲ್ಲುಕಡ್ಡಿ ಅಭ್ಯಂಜನಗಳ ಸಾಲಿನಲ್ಲಿ. ಮೈಯ ಕೊಳೆಯನ್ನು ದಿನದಿನವೂ ತೊಳೆಯಬೇಕಾದಂತೆ ಇದೂ ದಿನದಿನದ ಕೆಲಸವೆಂಬುದು ಆತನ ಅಭಿಪ್ರಾಯವಾಗಿರಬೇಕು.

ಚರಕಸಂಹಿತೆಯಲ್ಲಿಯೂ ಇದಕ್ಕೆ ಆಧಾರವಿದೆ. ಧೀ, ಧೃತಿ, ಸ್ಮೃತಿ ಈ ಮೂರೂ ಜಾರಿದಾಗ ಮನುಷ್ಯನು ಮಾಡುವ ತಪ್ಪಿಗೆ ಅಲ್ಲಿ ಪ್ರಜ್ಞಾಪರಾಧವೆಂಬ ಹೆಸರಿದ್ದು, ಸಕಲ ದೋಷಗಳೂ ಕೆರಳುವುದಕ್ಕೆ ಅದೇ ಕಾರಣವೆಂದು ಹೇಳಲ್ಪಟ್ಟಿದೆ. ಮನಸ್ಸಿನ ದೋಷಗಳಿಗೆ ಮದ್ದನ್ನು ಹೇಳುವಾಗಲೂ ಜ್ಞಾನ, ವಿಜ್ಞಾನ, ಧೈರ್ಯ, ಸಮಾಧಿಗಳ ಜೊತೆಗೆ ಸ್ಮೃತಿಯನ್ನು ಎಣಿಸಿದ್ದಾರೆ. ಇಲ್ಲಿ ಸ್ಮೃತಿಯೆಂದರೆ ಅಮರಕೋಶವನ್ನು ಬಾಯಿಪಾಠ ಹೇಳುವ ಶಕ್ತಿಯಲ್ಲ. ನಡೆದುದನ್ನು ನಡೆದಂತೆ ನೆನೆಯುವ ಶಕ್ತಿ. ಅದು ಎಷ್ಟು ದುರ್ಲಭವೆಂಬುದು ವಯಸ್ಸಾದವರಿಗೆ ತಿಳಿದೇ ಇದೆ. ಮನುಷ್ಯನು ಸಂಗತಿಯನ್ನು ಅಷ್ಟಾಗಿ ಮರೆಯುವುದಿಲ್ಲ. ಸಂಗತಿಯಲ್ಲಿ ತನ್ನ ಪಾಲು ಎಷ್ಟಿತ್ತೆಂಬುದನ್ನು ಮರೆಯುತ್ತಾನೆ. ಸೋಮವಾರ ತಮ್ಮನ ಮೇಲೆ ಕೂಗಾಡಿದವನಿಗೆ ಮಂಗಳವಾರ ತನ್ನ ಕೂಗು ನೆನಪಿರುತ್ತದೆ. ಗುರುವಾರದ ಹೊತ್ತಿಗೆ ತಮ್ಮನು ಅಂದ ಮಾತು ಮಾತ್ರ ಉಳಿದಿರುತ್ತದೆ. ಮುಂದಿನ ಸೋಮವಾರಕ್ಕೆ ಆ ಮಾತು ಎರಡು ಪಟ್ಟು ಬೆಳೆದಿರುತ್ತದೆ. ಸೋಮವಾರದ ರಾತ್ರಿಯೇ ಬರೆದಿಟ್ಟ ನಾಲ್ಕು ಸಾಲು ಈ ಬೆಳೆವಣಿಗೆಯನ್ನು ತಡೆಯುತ್ತದೆ.

ಇದಕ್ಕೆ ಬರವಣಿಗೆಯೇ ಏಕೆ ಬೇಕು, ಮನಸ್ಸಿನಲ್ಲಿ ನೆನೆದರೆ ಸಾಲದೆ ಎಂದು ಕೇಳಬಹುದು. ಸಂಧ್ಯಾವಂದನೆ ಮಾಡುವವನು ಬೆಳಿಗ್ಗೆ ಇರುಳಿನ ಪಾಪವನ್ನೂ ಸಂಜೆ ಹಗಲಿನ ಪಾಪವನ್ನೂ ಒಪ್ಪಿಕೊಳ್ಳುತ್ತಾನೆ. ಮನಸ್ಸಿನಿಂದ ಮಾಡಿದ್ದು, ಮಾತಿನಿಂದ ಮಾಡಿದ್ದು, ಕೈಯಿಂದ, ಕಾಲಿನಿಂದ, ಹೊಟ್ಟೆಯ ದೆಸೆಯಿಂದ ಮಾಡಿದ್ದು ಎಂದು ಮಂತ್ರವು ಒಂದೊಂದನ್ನಾಗಿ ಎಣಿಸುತ್ತದೆ. ಇದಕ್ಕಿಂತ ಉತ್ತಮವಾದ ಆತ್ಮಪರೀಕ್ಷೆಯ ಕ್ರಮವನ್ನು ಕಲ್ಪಿಸುವುದು ಸುಲಭವಲ್ಲ. ಆದರೂ ಅರವತ್ತು ವರ್ಷ ಈ ಮಂತ್ರವನ್ನು ಹೇಳಿದವರಲ್ಲಿ, ಇಂದು ಮಾತಿನಿಂದ ಮಾಡಿದ ಪಾಪವು ಯಾವುದು, ಯಾರಿಗೆ ಆಡಿದ ಮಾತು, ಎಷ್ಟು ಗಂಟೆಗೆ ಎಂದು ನೆನೆದು ನೀರನ್ನು ಕುಡಿದವರು ಎಷ್ಟು ಮಂದಿ ಇದ್ದಾರು? ಪಾಪವನ್ನು ಒಟ್ಟಾಗಿ ಒಪ್ಪಿಕೊಳ್ಳುವುದು ಸುಲಭ. ಬಿಡಿಬಿಡಿಯಾಗಿ ಒಪ್ಪಿಕೊಳ್ಳುವುದು ಕಷ್ಟ. ಜೈನರು ಮಾಡುವ ಪ್ರತಿಕ್ರಮಣದಲ್ಲಿ ಈ ಬಿಡಿಬಿಡಿಯ ಎಚ್ಚರವು ಹೆಚ್ಚಾಗಿದೆ. ಅಲ್ಲಿಯೂ ನಿತ್ಯದ ಪಾಠವು ಬಾಯಿಗೆ ಬಂದಮೇಲೆ ಮನಸ್ಸು ಬೇರೆಡೆಗೆ ಹೋಗುವ ಅಪಾಯವು ತಪ್ಪಿದ್ದಲ್ಲ. ಬರೆಯುವವನಿಗೆ ಈ ಅನುಕೂಲವಿಲ್ಲ. ಅಂಗಡಿಯ ಶೆಟ್ಟರು ತಮ್ಮ ಕಿರ್ದಿಯಲ್ಲಿ ಈ ದಿನ ಏನೋ ಸ್ವಲ್ಪ ಖರ್ಚಾಯಿತೆಂದು ಬರೆಯುವುದುಂಟೆ? ಇಂಥವರಿಗೆ, ಇಂಥದಕ್ಕೆ, ಇಷ್ಟು ಎಂದು ಬರೆಯಲೇಬೇಕು. ಬರಹದ ಗುಣವೇ ಇದು. ಲೇಖನಿಯನ್ನು ಹಿಡಿದಮೇಲೆ ಕರ್ತೃಪದವನ್ನು ಹುಡುಕಬೇಕು, ಕ್ರಿಯಾಪದವನ್ನು ಹುಡುಕಬೇಕು. ಯಾರು ಏನು ಮಾಡಿದರೆಂಬುದು ಅಲ್ಲಿ ಬಯಲಾಗಿಯೇ ತೀರಬೇಕು. ಇನ್ನೊಂದು ಉಪಕಾರವೂ ಉಂಟು. ಚಿಂತೆಗೆ ಕೊನೆಯಿಲ್ಲ, ಅದು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ, ವಾಕ್ಯಕ್ಕೆ ಕೊನೆಯುಂಟು.

ಪಶ್ಚಿಮದ ವೈದ್ಯಶೋಧಕರು ಈ ವಿಷಯವನ್ನು ಪ್ರಯೋಗದಿಂದ ನೋಡಿದ್ದಾರೆ. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಇಬ್ಬರು ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಕಾಲೇಜಿನ ವಿದ್ಯಾರ್ಥಿಗಳನ್ನು ಗುಂಪುಗಳಾಗಿ ಮಾಡಿ, ನಾಲ್ಕು ದಿನಗಳು ಒಂದೇ ಸಮನೆ ದಿನಕ್ಕೆ 15 ನಿಮಿಷಗಳಂತೆ ಬರೆಯಿಸಿದರು. ಒಂದು ಗುಂಪಿನವರು ಕೊಠಡಿ, ಪಾದರಕ್ಷೆ ಮುಂತಾದ ಸಾಮಾನ್ಯ ವಸ್ತುಗಳನ್ನು ಕುರಿತು ಬರೆದರು. ಉಳಿದವರು ತಮ್ಮ ಬಾಳಿನಲ್ಲಿ ಒದಗಿದ ಅತ್ಯಂತ ದುಃಖಕರವಾದ ಸಂಗತಿಯನ್ನು ಬರೆದರು. ಅವರಲ್ಲಿಯೂ ಕೆಲವರಿಗೆ ನಡೆದುದನ್ನು ಮಾತ್ರ, ಕೆಲವರಿಗೆ ಆಗಿನ ಮನೋಭಾವವನ್ನು ಮಾತ್ರ, ಕೆಲವರಿಗೆ ಎರಡನ್ನೂ ಬರೆಯಬೇಕೆಂದು ಹೇಳಲಾಗಿತ್ತು. ಎರಡನ್ನೂ ಬರೆದವರು ಮುಂದಿನ ಆರು ತಿಂಗಳಲ್ಲಿ ಇತರರಿಗಿಂತ ಕಡಿಮೆ ಸಲ ವೈದ್ಯರ ಬಳಿಗೆ ಹೋದರೆಂದು ಕಂಡುಬಂತು. ಗಮನಿಸತಕ್ಕ ಸಂಗತಿಯೇನೆಂದರೆ, ಬರೆದು ಮುಗಿಸಿದ ಆ ಗಳಿಗೆಯಲ್ಲಿ ಅವರ ಮನಸ್ಸು ಹಗುರವಾಗಿರಲಿಲ್ಲ, ಭಾರವಾಗಿತ್ತು. ಹಾಗಲಕಾಯಿಯ ಗುಣವು ನಾಲಗೆಗೆ ತಿಳಿಯುವುದಿಲ್ಲ.

1999ರಲ್ಲಿ ಜೋಶುವಾ ಸ್ಮಿತ್ ಮತ್ತು ಅವರ ಸಂಗಡಿಗರು ಉಬ್ಬಸದ ರೋಗಿಗಳಿಂದಲೂ ಕೀಲುವಾತದ ರೋಗಿಗಳಿಂದಲೂ ಮೂರು ದಿನ, ದಿನಕ್ಕೆ 20 ನಿಮಿಷಗಳಂತೆ ಬರೆಯಿಸಿ, ನಾಲ್ಕು ತಿಂಗಳ ತರುವಾಯ ಪರೀಕ್ಷಿಸಿದರು. ದುಃಖವನ್ನು ಬರೆದವರಲ್ಲಿ ನೂರಕ್ಕೆ 47 ಮಂದಿಗೆ ಗಣನೀಯವಾದ ಗುಣ ಕಂಡಿತು; ಸಾಮಾನ್ಯ ವಿಷಯವನ್ನು ಬರೆದವರಲ್ಲಿ ನೂರಕ್ಕೆ 24 ಮಂದಿಗೆ. ಇದನ್ನು ಓದಿ ಯಾರೂ ಉಬ್ಬಸದ ಔಷಧವನ್ನು ಬಿಟ್ಟು ಮಸಿಕುಡಿಕೆಯ ಮುಂದೆ ಕುಳಿತುಕೊಳ್ಳಬಾರದು. ಆ ರೋಗಿಗಳು ತಮ್ಮ ಔಷಧವನ್ನು ಎಂದಿನಂತೆ ತೆಗೆದುಕೊಳ್ಳುತ್ತಲೇ ಬರೆದವರು. ಇಂತಹ 146 ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಮಾಡಿದ ಪರಿಶೀಲನೆಯಿಂದ ತಿಳಿದದ್ದು, ಉಪಕಾರವು ಉಂಟು, ಆದರೆ ಅಲ್ಪ ಎಂದು. ಕಾಗದದ ಬೆಲೆಯನ್ನು ನೆನೆದರೆ ಈ ಅಲ್ಪವು ದುಬಾರಿಯೇನಲ್ಲ.

ಅದುಮಿಟ್ಟ ದುಃಖವು ಮೈಯಲ್ಲಿ ರೋಗವಾಗುವುದೆಂಬ ಮಾತು ಈ ದೇಶದ ವೈದ್ಯರಿಗೆ ಹೊಸದಲ್ಲ. ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವಲ್ಲಿ ವಾಗ್ಭಟನು ಸೀನು, ಆಕಳಿಕೆ, ಹಸಿವುಗಳ ಜೊತೆಗೆ ಕಣ್ಣೀರನ್ನೂ ಸೇರಿಸಿದ್ದಾನೆ. ಕಣ್ಣೀರನ್ನು ತಡೆದರೆ ನೆಗಡಿ, ತಲೆನೋವು, ಎದೆನೋವು, ಕುತ್ತಿಗೆಯ ಸೆಡೆತ, ಅರುಚಿ, ತಲೆತಿರುಗು ಮುಂತಾದುವು ಬರುವುವೆಂದೂ, ಅದಕ್ಕೆ ನಿದ್ರೆ, ಮದ್ಯ, ಇಷ್ಟವಾದ ಮಾತುಕತೆ ಇವು ಮದ್ದೆಂದೂ ಹೇಳುತ್ತಾನೆ. ನಡುವಿನದನ್ನು ಗೃಹಸ್ಥರು ಬಿಟ್ಟುಬಿಡಬಹುದು. ಇಷ್ಟವಾದ ಮಾತುಕತೆಗೆ ಜನ ಸಿಕ್ಕದಿದ್ದಾಗ ದಿನಚರಿಯು ಆ ಸ್ಥಾನದಲ್ಲಿ ನಿಲ್ಲಬಲ್ಲುದು.

ಆದರೆ ಅದೇ ಅಧ್ಯಾಯದಲ್ಲಿ ವಾಗ್ಭಟನು ಮತ್ತೊಂದು ಮಾತನ್ನೂ ಹೇಳಿದ್ದಾನೆ. ಲೋಭ, ಈರ್ಷ್ಯೆ, ದ್ವೇಷ, ಮಾತ್ಸರ್ಯ ಇವುಗಳ ವೇಗವನ್ನು ಮಾತ್ರ ತಡೆಯಬೇಕು. ಕಣ್ಣೀರನ್ನು ಬಿಡು, ಹೊಟ್ಟೆಕಿಚ್ಚನ್ನು ಹಿಡಿ ಎಂಬುದು ವೈದ್ಯನ ಆಜ್ಞೆಯಾದರೆ, ಹೊಟ್ಟೆಕಿಚ್ಚನ್ನು ದಿನಚರಿಯಲ್ಲಿ ಬರೆಯುವವನು ಅದನ್ನು ಹಿಡಿದಂತಾಯಿತೋ ಬಿಟ್ಟಂತಾಯಿತೋ? ಪೂರ್ವಪಕ್ಷದವರು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ. ದಿನವೂ ತನ್ನನ್ನೇ ಕುರಿತು ಬರೆಯುವುದು ಅಹಂಕಾರಕ್ಕೆ ನೀರೆರೆದಂತೆ. ನೆರೆಯವನ ಮೇಲಿನ ಸಿಟ್ಟನ್ನು ಬರೆದು ಬರೆದು ಅದು ಅಕ್ಷರವಾಗಿ ನೆಲೆಯೂರುತ್ತದೆ. ಮರೆವು ದೇವರು ಕೊಟ್ಟ ವರ, ಅದನ್ನು ಕಾಗದದಿಂದ ಕೆಡಿಸುವುದೇಕೆ? ಇದು ತಳ್ಳಿಹಾಕತಕ್ಕ ಮಾತಲ್ಲ. ದಾಂಪತ್ಯವು ಮುರಿದು ಬೇರೆಯಾದವರಿಂದ ಬರೆಯಿಸಿ ನೋಡಿದ ಒಂದು ಪ್ರಯೋಗವು 2013ರಲ್ಲಿ ಪ್ರಕಟವಾಯಿತು. ನಡೆದುದರ ಅರ್ಥವನ್ನು ಮೊದಲೇ ಕೆದಕುತ್ತ ಕುಳಿತಿದ್ದವರಿಗೆ ಬರಹವು ಉಪಕಾರಮಾಡುವುದಿರಲಿ, ಅವರು ಚೇತರಿಸಿಕೊಳ್ಳುವುದನ್ನೇ ತಡಮಾಡಿತೆಂದು ಅದರಿಂದ ತಿಳಿದುಬಂತು. ಹುಣ್ಣಿಗೆ ಮದ್ದು ಹಚ್ಚುವುದೂ ಬೆರಳಿನಿಂದಲೇ, ಕೆರೆಯುವುದೂ ಬೆರಳಿನಿಂದಲೇ.

ಇದಕ್ಕೆ ಸಮಾಧಾನವೇನೆಂದರೆ: ಹೊಟ್ಟೆಕಿಚ್ಚಿಗೆ ಹೊಟ್ಟೆಕಿಚ್ಚೆಂದೇ ಹೆಸರಿಟ್ಟು ಬರೆದವನಿಗೆ ಅದರ ಜುಟ್ಟು ಕೈಗೆ ಸಿಕ್ಕಿದಂತೆ. ಅದೇ ಹೊಟ್ಟೆಕಿಚ್ಚಿಗೆ ನ್ಯಾಯವಾದ ಅಸಮಾಧಾನವೆಂದು ಹೆಸರಿಟ್ಟು, ನೆರೆಯವನ ದೋಷಗಳನ್ನು ಪುಟಗಟ್ಟಲೆ ಬರೆದವನ ಜುಟ್ಟೇ ಅದರ ಕೈಗೆ ಸಿಕ್ಕಿತು. ಒಂದು ಸಲ ಬರೆದದ್ದನ್ನು ಹತ್ತು ದಿನವೂ ಬರೆಯುತ್ತಿದ್ದರೆ, ಅಲ್ಲಿ ಪುಸ್ತಕವನ್ನು ಮುಚ್ಚುವುದೇ ಲೇಸು. ಮಲಗುವ ಹೊತ್ತಿನಲ್ಲಿ ಬರೆಯುವವರಿಗೆ ಮತ್ತೊಂದು ಸೂಚನೆಯೂ ಉಂಟು. ಅಮೆರಿಕದಲ್ಲಿ 57 ಮಂದಿ ತರುಣ ತರುಣಿಯರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವರು ಮಲಗುವ ಮುಂಚೆ ಐದು ನಿಮಿಷ ಮುಗಿಸಿದ ಕೆಲಸಗಳನ್ನು ಬರೆದರು, ಕೆಲವರು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು. ಮುಂದಿನದನ್ನು ಬರೆದವರು ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ರೆಹೋದರು. ಆದದ್ದಕ್ಕಿಂತ ಆಗಬೇಕಾದದ್ದೇ ಮನಸ್ಸನ್ನು ಹೆಚ್ಚಾಗಿ ಕಾಡುತ್ತದೆಂದಾಯಿತು. ಮಗಳ ಮದುವೆಯನ್ನು ಗೊತ್ತುಮಾಡಿದ ತಂದೆಯರಿಗೆ ಇದನ್ನು ಹೇಳಬೇಕಾದುದಿಲ್ಲ.

ಇನ್ನು ಮುಖ್ಯವಾದ ಪ್ರಶ್ನೆ: ದಿನಚರಿಯನ್ನು ಓದತಕ್ಕವರು ಯಾರು? ಸುಳ್ಳಿಗೆ ಬೀಜವೂ ಇಲ್ಲಿಯೇ ಇದೆ. ಶಾಲೆಗಳಲ್ಲಿ ಉಪಾಧ್ಯಾಯರು ಮಕ್ಕಳಿಂದ ದಿನಚರಿಯನ್ನು ಬರೆಯಿಸುವ ಪದ್ಧತಿಯುಂಟು. ಮೂವತ್ತು ಪುಸ್ತಕಗಳನ್ನು ತೆರೆದರೆ ಮೂವತ್ತರಲ್ಲಿಯೂ ಬೆಳಿಗ್ಗೆ ಐದು ಗಂಟೆಗೆ ಎದ್ದು, ಮುಖ ತೊಳೆದು, ದೇವರಿಗೆ ನಮಸ್ಕರಿಸಿ, ಪಾಠವನ್ನು ಓದಿದ ವೃತ್ತಾಂತ. ಅಷ್ಟು ಹೊತ್ತಿಗೆ ಎದ್ದ ಮಕ್ಕಳು ಮೊದಲನೆಯ ಪಾಠದ ಹೊತ್ತಿಗೆ ತೂಕಡಿಸಬೇಕಾಗಿತ್ತು, ಯಾರೂ ತೂಕಡಿಸುವುದಿಲ್ಲ. ಉಪಾಧ್ಯಾಯರು ಕೆಂಪು ಮಸಿಯಿಂದ ಸರಿಯೆಂದು ಗುರುತು ಹಾಕುತ್ತಾರೆ. ಹೀಗೆ ಸತ್ಯವನ್ನು ಕಲಿಸಲೆಂದು ಹೊರಟ ಪಾಠದಲ್ಲಿ ಇಬ್ಬರೂ ಸೇರಿ ಅಸತ್ಯವನ್ನು ಅಭ್ಯಾಸಮಾಡುತ್ತಾರೆ. ನೌಖಾಲಿಯ ಯಾತ್ರೆಯ ಕಾಲದಲ್ಲಿ ಗಾಂಧೀಜಿಯವರು ಮನು ಗಾಂಧಿಯವರ ದಿನಚರಿಯನ್ನು ಓದಿ ಸಹಿ ಹಾಕುತ್ತಿದ್ದರು. ಗುರುವಿನ ಕಣ್ಣಿಗೆಂದೇ ಬರೆದ ದಿನಚರಿಗೂ ಒಂದು ಪ್ರಯೋಜನವುಂಟು, ಅದು ಶಿಕ್ಷಣ. ಆದರೆ ಅದನ್ನು ಏಕಾಂತದ ಬರಹವೆಂದು ಹೇಳುವಂತಿಲ್ಲ. ಆನ್ ಫ್ರಾಂಕ್ ಎಂಬ ಯಹೂದಿ ಬಾಲಕಿಯು ಆಂಸ್ಟರ್‌ಡಾಮಿನ ಅಡಗುದಾಣದಲ್ಲಿ ತನಗಾಗಿ ದಿನಚರಿ ಬರೆಯುತ್ತಿದ್ದಳು. 1944ರಲ್ಲಿ, ಯುದ್ಧಕಾಲದ ದಿನಚರಿಗಳನ್ನು ಮುಂದೆ ಸಂಗ್ರಹಿಸಲಾಗುವುದೆಂದು ರೇಡಿಯೋದಲ್ಲಿ ಕೇಳಿದಮೇಲೆ, ಅದನ್ನು ಓದುಗರಿಗಾಗಿ ಬೇರೆಯಾಗಿ ಬರೆಯಲು ತೊಡಗಿದಳು. ಹದಿನಾಲ್ಕು ವರ್ಷದ ಆ ಮಗುವಿಗೆ ಎರಡೂ ಬೇರೆಯೆಂಬುದು ತಿಳಿದಿತ್ತು.

ದೊಡ್ಡವರಿಗೆ ಇದು ತಿಳಿಯದೆ ಹೋದದ್ದುಂಟು. ರಷ್ಯದ ಲಿಯೋ ಟಾಲ್‌ಸ್ಟಾಯ್ ತನ್ನ ಹದಿನೆಂಟನೆಯ ವರ್ಷದಿಂದ, ಎಂದರೆ 1847ರಿಂದ, ದಿನಚರಿ ಬರೆಯತೊಡಗಿದವನು. ಮಧ್ಯೆ ನಿಂತು ನಿಂತು ಹೋದರೂ ಸಾಯುವವರೆಗೆ ಆ ಅಭ್ಯಾಸವನ್ನು ಬಿಡಲಿಲ್ಲ. ಜೂಜು, ಸೋಮಾರಿತನ, ಸ್ತ್ರೀಲೋಲತೆ ಎಲ್ಲವನ್ನೂ ಬಚ್ಚಿಡದೆ ಬರೆದುಕೊಂಡು, ಅದರೊಡನೆ ಜಗಳವಾಡಿ, ಆ ಜಗಳದಿಂದಲೇ ತನ್ನ ಆತ್ಮವನ್ನು ಕಟ್ಟಿಕೊಂಡವನು. 1862ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಹದಿನೆಂಟು ವರ್ಷದ ಸೋಫಿಯಾಳೊಡನೆ ಅವನ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ಆತನು ತನ್ನ ದಿನಚರಿಯ ಪುಸ್ತಕಗಳನ್ನು ಆಕೆಯ ಕೈಗೆ ಕೊಟ್ಟು ಓದಬೇಕೆಂದನು. ಗಂಡಹೆಂಡಿರ ನಡುವೆ ಗುಟ್ಟಿರಬಾರದೆಂಬುದು ಆತನ ನಿಷ್ಠೆ. ಆಕೆ ಓದಿದಳು. ತಾನು ಮನೆಯೊಡತಿಯಾಗಿ ಹೋಗಬೇಕಾದ ಹಳ್ಳಿಯಲ್ಲಿಯೇ ಇರುವ ರೈತ ಹೆಂಗಸೊಬ್ಬಳಲ್ಲಿ ಆತನಿಗಿದ್ದ ಸಂಬಂಧದವರೆಗೆ ಎಲ್ಲವನ್ನೂ ಓದಿದಳು. ಅಳುತ್ತ ಅಳುತ್ತ ಕ್ಷಮಿಸಿದಳು. ಮದುವೆಯಾಯಿತು. ಆದರೆ ಓದಿದ್ದು ಮನಸ್ಸಿನಿಂದ ಹೋಗಲಿಲ್ಲ. ಆ ನೋವು ಆಕೆಯ ಸ್ವಂತ ದಿನಚರಿಯಲ್ಲಿ ವರ್ಷವರ್ಷವೂ ಮರಳಿ ಮರಳಿ ಬರುತ್ತದೆ. ತನ್ನ ಅನ್ನಾ ಕರೆನಿನಾ ಎಂಬ ಕಾದಂಬರಿಯಲ್ಲಿ ಟಾಲ್‌ಸ್ಟಾಯ್ ಈ ಪ್ರಸಂಗವನ್ನು ಲೆವಿನ್ ಮತ್ತು ಕಿಟಿಯರ ಕಥೆಯಲ್ಲಿ ಇಟ್ಟಿದ್ದಾನೆ. ಕಥೆಯಲ್ಲಿ ಅದು ಕೆಲವು ಪುಟಗಳಲ್ಲಿ ಮುಗಿಯುತ್ತದೆ.

ಟಾಲ್‌ಸ್ಟಾಯ್ ಮಾಡಿದ್ದು ಸತ್ಯವೇ? ಸತ್ಯವೇ, ಅದರಲ್ಲಿ ಸಂದೇಹವಿಲ್ಲ. ಆದರೆ ಧರ್ಮವೇ ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಲ್ಲ. ತನ್ನ ಹಿಂದಿನ ನಡತೆಯನ್ನು ಭಾವಿ ಪತ್ನಿಗೆ ತಿಳಿಸುವುದು ಕರ್ತವ್ಯ. ಎದುರಿಗೆ ಕುಳಿತು, ಆಕೆಯ ಮುಖವನ್ನು ನೋಡುತ್ತ, ನಾಚಿಕೆಯನ್ನು ತಾನೇ ಅನುಭವಿಸುತ್ತ ಬಾಯಿಯಿಂದ ಹೇಳಿದ್ದರೆ ಆ ಕರ್ತವ್ಯವು ಮುಗಿಯುತ್ತಿತ್ತು. ಪುಸ್ತಕವನ್ನು ಕೈಗೆ ಕೊಟ್ಟದ್ದರಿಂದ ನಾಚಿಕೆಯ ಭಾರವು ಓದಿದವಳ ಪಾಲಿಗೆ ಹೋಯಿತು. ದಿನಚರಿಯ ಮಾತು ತನ್ನ ಕಿವಿಗೆ ತಾನೇ ಹೇಳಿಕೊಂಡ ಮಾತು. ಅದರಲ್ಲಿ ಮೃದುತ್ವವಿಲ್ಲ, ಇರಬೇಕಾಗಿಯೂ ಇಲ್ಲ. ಅದೇ ಮಾತು ಮತ್ತೊಬ್ಬರ ಕಿವಿಗೆ ಬಿದ್ದಾಗ ಬೇರೆ ಅರ್ಥವನ್ನು ತಾಳುತ್ತದೆ. ತನಗೆ ತಾನೇ ಶಸ್ತ್ರಚಿಕಿತ್ಸೆ ಮಾಡಿಕೊಂಡ ಚೂರಿಯನ್ನು ತೊಳೆಯದೆ ಇನ್ನೊಬ್ಬರ ಕೈಗೆ ಕೊಟ್ಟಂತೆ. ಇಳಿಸಿದವನಿಗೆ ಹಗುರವಾಯಿತು, ಹೊತ್ತವಳಿಗೆ ನಲವತ್ತೆಂಟು ವರ್ಷ ಭಾರವಾಗಿ ಉಳಿಯಿತು.

ಆ ನಲವತ್ತೆಂಟು ವರ್ಷಗಳ ಕೊನೆಯೂ ದಿನಚರಿಯ ಸುತ್ತಲೇ ಆದದ್ದು ವಿಧಿಯ ವಿಚಿತ್ರ. ಇಬ್ಬರೂ ದಿನಚರಿ ಬರೆಯುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರು ಓದುತ್ತಿದ್ದರು. ಓದುವರೆಂದು ತಿಳಿದೇ ಬರೆಯುತ್ತಿದ್ದರು. ಹೀಗೆ ದಿನಚರಿಯು ವಕೀಲರ ಅರ್ಜಿಯಾಯಿತು. ತನ್ನ ಕಡೆಯ ವರ್ಷಗಳ ದಿನಚರಿಗಳು ಯಾರ ವಶದಲ್ಲಿರಬೇಕೆಂಬುದಕ್ಕೇ 1910ರಲ್ಲಿ ಮನೆಯಲ್ಲಿ ದೊಡ್ಡ ಕಲಹವೆದ್ದಿತು. ಆ ಬೇಸಗೆಯಲ್ಲಿ ಎಂಬತ್ತೊಂದು ವರ್ಷದ ವೃದ್ಧನು ಬೇರೊಂದು ಸಣ್ಣ ಪುಸ್ತಕವನ್ನು ಮಾಡಿಕೊಂಡು, ಅದು ತನ್ನೊಬ್ಬನಿಗೇ ಎಂದು ಹೆಸರಿಟ್ಟು, ಬೂಟಿನ ಒಳಗೆ ಬಚ್ಚಿಡತೊಡಗಿದನು. ಲೋಕಕ್ಕೆಲ್ಲ ಸತ್ಯವನ್ನು ಬೋಧಿಸಿದವನಿಗೆ ತನ್ನ ಮನೆಯಲ್ಲಿ ಒಂದು ಪುಸ್ತಕವನ್ನು ಇಡುವುದಕ್ಕೆ ಬೂಟಿಗಿಂತ ಬೇರೆ ಸ್ಥಳವಿರಲಿಲ್ಲ. ಅದೂ ಪತ್ನಿಯ ಕೈಗೆ ಸಿಕ್ಕಿತು. ಅಕ್ಟೋಬರಿನ ಒಂದು ರಾತ್ರಿ ತನ್ನ ಕೊಠಡಿಯಲ್ಲಿ ಆಕೆ ಕಾಗದಪತ್ರಗಳನ್ನು ಹುಡುಕುತ್ತಿರುವ ಸದ್ದನ್ನು ಕೇಳಿ, ಬೆಳಗಾಗುವುದರೊಳಗೆ ಆತನು ಮನೆಯನ್ನು ಬಿಟ್ಟು ಹೊರಟನು. ಕೆಲವು ದಿನಗಳಲ್ಲಿ ಅಸ್ತಾಪೊವೋ ಎಂಬ ರೈಲ್ವೆ ನಿಲ್ದಾಣದಲ್ಲಿ ಮರಣಹೊಂದಿದನು. ಇದರಲ್ಲಿ ಆಕೆಯ ತಪ್ಪೆಷ್ಟು, ಆತನ ತಪ್ಪೆಷ್ಟು ಎಂದು ಪಕ್ಷಕಟ್ಟಿ ಬರೆದವರು ಬಹಳ ಮಂದಿ ಇದ್ದಾರೆ. 1862ರಲ್ಲಿ ಪುಸ್ತಕಗಳ ಬಾಗಿಲನ್ನು ತೆರೆದವನು ಆತನೇ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಬರಹವು ಔಷಧವೆಂಬುದು ನಿಜವಾದರೆ ಈ ಕಥೆಯಿಂದ ಮನೆಮಂದಿಗೆ ಒಂದು ಕರ್ತವ್ಯವು ಹುಟ್ಟುತ್ತದೆ. ಬರೆಯುವವನಿಗೆ ಸತ್ಯದ ಕರ್ತವ್ಯವಿದ್ದಂತೆ, ಉಳಿದವರಿಗೆ ಓದದೆ ಇರುವ ಕರ್ತವ್ಯ. ಇದನ್ನು ಕನ್ನಡದ ಮನೆಗಳಲ್ಲಿ ಸಾಕಷ್ಟು ಯೋಚಿಸಿಲ್ಲ. ಯಜಮಾನನ ಮೇಜಿಗೆ ಬೀಗವುಂಟು. ಸೊಸೆಯ ಪೆಟ್ಟಿಗೆಗೆ ಬೀಗವಿದ್ದರೆ ಅದೇ ಒಂದು ಮಾತಾಗುತ್ತದೆ. ಒಳಗೇನಿದೆಯೆಂದು ಅತ್ತೆ ಕೇಳುವಳು, ನಾದಿನಿ ಇಣುಕುವಳು. ಗಂಡನು ತನಗೆ ಕಾಣಿಸದ ಬರಹವೇನೆಂದು ಹುಬ್ಬು ಗಂಟಿಕ್ಕುವನು. ಮಗನ ಪುಸ್ತಕವನ್ನು ತಂದೆಯು ತೆರೆದು ನೋಡುವುದಂತೂ ಶಿಸ್ತಿನ ಹೆಸರಿನಲ್ಲಿ ನಡೆಯುತ್ತದೆ. ಒಟ್ಟುಕುಟುಂಬದ ಗುಣಗಳು ಅನೇಕ; ಏಕಾಂತವು ಅವುಗಳಲ್ಲಿ ಸೇರಿಲ್ಲ. ಹತ್ತೊಂಬತ್ತನೆಯ ಶತಮಾನದ ವಂಗದೇಶದಲ್ಲಿ ರಾಸಸುಂದರೀ ದೇವಿಯೆಂಬ ಗೃಹಿಣಿಯು ಚೈತನ್ಯ ಭಾಗವತದ ಒಂದು ಎಲೆಯನ್ನು ಕಿತ್ತು ಅಡುಗೆಯ ಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗನ ತಾಳೆಯೋಲೆಯ ಅಕ್ಷರಗಳೊಡನೆ ಹೋಲಿಸಿ ನೋಡಿ ಓದನ್ನು ಕಲಿತಳು. ಮುಂದೆ ತನ್ನ ಬಾಳಿನ ಕಥೆಯನ್ನು ಬರೆದಳು. ಆಗ ಹೆಂಗಸು ಓದುವುದೇ ಗುಟ್ಟಾಗಿತ್ತು. ಈಗ ಮನೆಮನೆಯಲ್ಲಿಯೂ ಓದಿದ ಹೆಂಗಸರಿದ್ದಾರೆ, ಆದರೆ ಬರೆದದ್ದನ್ನು ಇಡುವ ಸ್ಥಳವು ಅನೇಕರಿಗೆ ಇನ್ನೂ ಅಕ್ಕಿಯ ಡಬ್ಬದ ಹಿಂದೆಯೇ ಇದೆ. ಕಣ್ಣೀರನ್ನು ತಡೆದರೆ ಎದೆನೋವು ಬರುವುದೆಂದು ಹೇಳಿದ ವೈದ್ಯನು ಅದು ಯಾರ ಎದೆಯೆಂದು ಬೇರ್ಪಡಿಸಿ ಹೇಳಲಿಲ್ಲ.

ರೋಮಿನ ತತ್ತ್ವಜ್ಞಾನಿ ಸೆನೆಕನು ಪ್ರತಿರಾತ್ರಿ ತನ್ನ ದಿನವನ್ನೆಲ್ಲ ತಾನೇ ವಿಚಾರಣೆಗೆ ಗುರಿಮಾಡಿಕೊಳ್ಳುತ್ತಿದ್ದನಂತೆ. ಕ್ರೋಧವನ್ನು ಕುರಿತ ತನ್ನ ಗ್ರಂಥದಲ್ಲಿ ಅದನ್ನು ಹೇಳುವಾಗ ಒಂದು ಸಣ್ಣ ವಿವರವನ್ನು ಕೊಟ್ಟಿದ್ದಾನೆ: ದೀಪವನ್ನು ತೆಗೆದಮೇಲೆ, ಆತನ ಈ ಅಭ್ಯಾಸವನ್ನು ತಿಳಿದ ಹೆಂಡತಿಯು ಮಾತನ್ನು ನಿಲ್ಲಿಸುತ್ತಿದ್ದಳು. ತತ್ತ್ವಜ್ಞಾನಿಯ ಆತ್ಮಪರೀಕ್ಷೆಯನ್ನು ಎಲ್ಲರೂ ಹೊಗಳುತ್ತಾರೆ. ಅದು ಸಾಧ್ಯವಾದದ್ದು ಪಕ್ಕದಲ್ಲಿದ್ದವಳು ಏನೆಂದು ಕೇಳದೆ ಸುಮ್ಮನಿದ್ದುದರಿಂದ.

ಬರೆದವರು ಹೋದಮೇಲೆ ಆ ಪುಸ್ತಕಗಳ ಗತಿಯೇನು? ತಂದೆಯ ತಿಥಿಗಳು ಮುಗಿದು, ಅಟ್ಟದ ಪೆಟ್ಟಿಗೆಯನ್ನು ಇಳಿಸಿದಾಗ ನೂಲಿನಿಂದ ಕಟ್ಟಿದ ಇಪ್ಪತ್ತು ದಿನಚರಿಗಳು ಸಿಕ್ಕವೆಂದು ಇಟ್ಟುಕೊಳ್ಳೋಣ. ಹಿರಿಯ ಮಗನು ಓದಬೇಕೆನ್ನುವನು, ಕಿರಿಯವನು ಸುಡಬೇಕೆನ್ನುವನು, ತಾಯಿಯು ಮಾತಾಡದೆ ಒಳಗೆ ಹೋಗುವಳು. ಸುಡುವುದಾದರೆ ಅದು ಬರೆದವನೇ ಮಾಡಬೇಕಾಗಿದ್ದ ಕೆಲಸ. ಆತನು ಸುಡಲಿಲ್ಲವೆಂಬುದನ್ನು ಓದಬಹುದೆಂಬ ಅಪ್ಪಣೆಯಾಗಿ ತಿಳಿಯುವುದೂ ಸರಿಯಲ್ಲ. ಯಮನು ನೋಟೀಸು ಕೊಟ್ಟು ಬರುವುದಿಲ್ಲ. ತಾಯಿಯು ಇರುವವರೆಗೆ ನೂಲನ್ನು ಬಿಚ್ಚದೆ ಇಡುವುದು ಮೇಲು. ಹಾಗೆ ಇಟ್ಟವರು ಕಡಮೆ.

ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1660ರ ಜನವರಿ 1ರಿಂದ 1669ರ ಮೇ 31ರವರೆಗೆ ದಿನಚರಿಯನ್ನು ಬರೆದನು. 1665ರ ಮಹಾಮಾರಿ, 1666ರ ಬ್ರಹದಗ್ನಿ, ಹೆಂಡತಿಯೊಡನೆ ಆಡಿದ ಜಗಳ, ತಾನು ನಾಚಿಕೊಂಡ ಪ್ರಸಂಗ, ಎಲ್ಲವನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಂಡನು. ಕಣ್ಣು ಹೋಗುವುದೆಂಬ ಭಯದಿಂದ ಕೊನೆಗೆ ನಿಲ್ಲಿಸಿದನು. ಇನ್ನು ಬರೆಯಬೇಕಾದರೆ ಬೇರೆಯವರ ಕೈಯಿಂದ ಬರೆಯಿಸಬೇಕು, ಲೋಕಕ್ಕೆಲ್ಲ ತಿಳಿಯಬಹುದಾದದ್ದನ್ನು ಮಾತ್ರ ಬರೆಯಿಸಬೇಕು. ಹಾಗಾದರೆ ಅದು ತನ್ನ ದಿನಚರಿಯೇ ಅಲ್ಲವೆಂದು ಆತನಿಗೆ ತೋರಿತು. ಕಣ್ಣು ಹೋಗಲಿಲ್ಲ, 1703ರವರೆಗೆ ಬದುಕಿದನು. ಆದರೆ ಅಂತಹ ದಿನಚರಿಯನ್ನು ಮತ್ತೆ ಹಿಡಿಯಲಿಲ್ಲ. ಸುಡಲೂ ಇಲ್ಲ. ಆರು ಸಂಪುಟಗಳನ್ನೂ ಚೆನ್ನಾಗಿ ರಟ್ಟುಕಟ್ಟಿಸಿ ತನ್ನ ಪುಸ್ತಕಭಂಡಾರದಲ್ಲಿ ಸೇರಿಸಿದನು. ಆ ಭಂಡಾರವು ಕೇಂಬ್ರಿಜ್ಜಿನ ಮಾಡ್ಲಿನ್ ಕಾಲೇಜಿಗೆ ಬಂತು. ನೂರು ವರ್ಷ ಯಾರೂ ಓದಲಿಲ್ಲ. 1819ರಿಂದ ಮೂರು ವರ್ಷ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಯು ಕುಳಿತು ಎಲ್ಲವನ್ನೂ ಬಿಡಿಸಿ ಬರೆದನು. ಆ ಲಿಪಿಯನ್ನು ಕಲಿಸುವ ಕೈಪಿಡಿಯು ಅದೇ ಭಂಡಾರದಲ್ಲಿಯೇ ಇತ್ತೆಂಬುದು ಆತನಿಗೆ ತಿಳಿದಿರಲಿಲ್ಲ.